ಕೌಂಟರಿನ ಮೇಲಿನ ಸಿಟ್ಟನ್ನು ಕಣ್ಣಿನ ಮೇಲೆ ತೀರಿಸಬೇಡಿ

ಈ ಸಲ ಬಂದ ಪತ್ರಗಳಲ್ಲಿ ಕಾಯಿಲೆಯ ಸುದ್ದಿಗಿಂತ ಕಾಯಿಸಿದವರ ಸುದ್ದಿಯೇ ಹೆಚ್ಚು. ಸಕ್ಕರೆ ಕಾಯಿಲೆಯವರು ಕಣ್ಣು ತೋರಿಸಲು ಹೊರಟು ಟೋಕನ್ನಿನ ಸಾಲಿನಲ್ಲೋ, ಫೋನಿನ ಧ್ವನಿಮುದ್ರಣದಲ್ಲೋ, ವಿಮಾ ಕಂಪನಿಯ ಪತ್ರದಲ್ಲೋ ಸಿಕ್ಕಿಕೊಂಡು, ಕೊನೆಗೆ ‘ಇನ್ನು ಹೋಗುವುದೇ ಇಲ್ಲ’ ಎಂದು ತೀರ್ಮಾನಿಸಿ ಬರೆದ ಪತ್ರಗಳಿವು. ಕಾಸರಗೋಡು ಜಿಲ್ಲೆಯ ಸರಕಾರಿ ಕಣ್ಣಿನ ವಿಭಾಗಗಳಲ್ಲಿ ದೃಷ್ಟಿ ಪರೀಕ್ಷಿಸುವ ಆಪ್ಟೋಮೆಟ್ರಿಸ್ಟ್ ಆಗಿ ದುಡಿದು ನಿವೃತ್ತಳಾದವಳು ನಾನು. ಹೀಗೆ ಹೇಳಿ ಹೋದವರು ಕೆಲವು ವರ್ಷಗಳ ಬಳಿಕ ಯಾರದೋ ಕೈ ಹಿಡಿದುಕೊಂಡು ಬರುವುದನ್ನು ಕಂಡಿದ್ದೇನೆ. ಹಾಗಾಗಿ ಕಣ್ಣಿನ ಮಾತನ್ನೂ ಕೌಂಟರಿನ ಮಾತನ್ನೂ ಬೇರೆ ಮಾಡದೆ ಉತ್ತರಿಸುತ್ತೇನೆ. ಪತ್ರದ ಮೂಲಕ ಕಣ್ಣಿನೊಳಗೆ ಇಣುಕಲಾಗದು. ಔಷಧದ ವಿಚಾರದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯದು.

ಪ್ರಶ್ನೆ: ಅಕ್ಕಾ, ನನಗೆ 54 ವರ್ಷ. ಅಡಿಕೆ ಕೃಷಿಕ. ಸಕ್ಕರೆ ಕಾಯಿಲೆ ಗೊತ್ತಾಗಿ ಒಂಬತ್ತು ವರ್ಷವಾಯಿತು. ಕಣ್ಣಿಗೇನೂ ತೊಂದರೆಯಿಲ್ಲ, ಪೇಪರು ಓದುತ್ತೇನೆ, ಮರದ ತುದಿಯ ಗೊನೆ ಹಣ್ಣಾಗಿದೆಯೇ ಎಂದು ಕೆಳಗೆ ನಿಂತೇ ಹೇಳುತ್ತೇನೆ. ಮಗಳ ಒತ್ತಾಯಕ್ಕೆ ಮಂಗಳೂರಿನ ಒಂದು ಆಸ್ಪತ್ರೆಗೆ ಮೊದಲ ಸಲ ಕಣ್ಣು ತೋರಿಸಲು ಹೋದೆ. ಖಾಲಿ ಹೊಟ್ಟೆಯಲ್ಲಿ ಬೆಳಗಿನ ಬಸ್ಸು ಹಿಡಿದು ಹೋಗಿ ಕುಳಿತವನಿಗೆ ಮಧ್ಯಾಹ್ನ ಕಣ್ಣಿಗೆ ಮದ್ದು ಹಾಕಿದರು. ಆಮೇಲೆ, ರೆಟಿನಾ ಡಾಕ್ಟರು ಇಂದು ಬರುವುದಿಲ್ಲ, ನಾಳೆ ಬನ್ನಿ ಎಂದರು. ಕೇಳಿದರೆ ಕೌಂಟರಿನವರು ತಲೆ ಎತ್ತಿಯೂ ನೋಡಲಿಲ್ಲ. ಬಿಸಿಲಿಗೆ ಕಣ್ಣು ಬಿಡಲಾಗದೆ, ಬಸ್ಸಿನ ಬೋರ್ಡು ಓದಲಾಗದೆ, ಕಂಡವರನ್ನು ಕೇಳಿಕೊಂಡು ಮನೆ ಸೇರಿದೆ. ಕಾಣುವ ಕಣ್ಣಿಗೆ ಈ ಉಪದ್ರ ಯಾಕೆ? ಇನ್ನು ಹೋಗುವುದಿಲ್ಲ ಎಂದು ಮಗಳಿಗೆ ಹೇಳಿದ್ದೇನೆ. ತಪ್ಪೇ?
– ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಅಣ್ಣಾ, ನಿಮಗೆ ಆದದ್ದು ಅನ್ಯಾಯ. ಇಂದು ನೋಡುವ ವೈದ್ಯರಿದ್ದಾರೆಯೇ ಎಂದು ಖಾತ್ರಿ ಮಾಡಿಕೊಳ್ಳದೆ ರೋಗಿಯ ಪಾಪೆ ಅರಳಿಸಬಾರದು. ಆ ಮದ್ದು ಪೂರ್ತಿ ಕೆಲಸ ಮಾಡಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಅದರ ಪ್ರಭಾವ ಇಳಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಬೇಕು. ಅಷ್ಟು ಹೊತ್ತು ಮನುಷ್ಯ ಅರೆಗುರುಡನಂತೆ ಇರುತ್ತಾನೆ. ದೂರದ ಊರಿನಿಂದ ಒಬ್ಬರೇ ಬಂದವರನ್ನು ಆ ಸ್ಥಿತಿಯಲ್ಲಿ ಬೀದಿಗೆ ಕಳಿಸಿದ್ದನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸುವುದಿಲ್ಲ.

ಆದರೆ ನಿಮ್ಮ ತೀರ್ಮಾನವನ್ನೂ ಸಮರ್ಥಿಸಲಾರೆ. ‘ಕಾಣುವ ಕಣ್ಣು’ ಎಂದು ಬರೆದಿದ್ದೀರಿ. ಸಕ್ಕರೆ ಕಾಯಿಲೆ ಕಣ್ಣಿಗೆ ಹಾನಿ ಮಾಡುವ ರೀತಿಯೇ ಅಂಥದ್ದು. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ, ಅಂದರೆ ರೆಟಿನಾದಲ್ಲಿ, ಕೂದಲಿಗಿಂತ ಸಪೂರವಾದ ರಕ್ತನಾಳಗಳಿವೆ. ವರ್ಷಗಟ್ಟಲೆ ಸಕ್ಕರೆ ಏರಿಕೊಂಡಿದ್ದರೆ ಅವುಗಳ ಗೋಡೆ ದುರ್ಬಲವಾಗಿ ಅಲ್ಲಲ್ಲಿ ಉಬ್ಬುತ್ತವೆ, ಸೋರುತ್ತವೆ, ಕೆಲವು ಕಟ್ಟಿಕೊಳ್ಳುತ್ತವೆ. ರಕ್ತ ಸಿಗದ ಭಾಗ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಆ ಹೊಸ ನಾಳಗಳಿಗೆ ಗಟ್ಟಿತನವಿಲ್ಲ, ಒಂದು ದಿನ ಒಡೆದು ಕಣ್ಣೊಳಗೆ ರಕ್ತ ತುಂಬುತ್ತದೆ. ನಾವು ಪೇಪರು ಓದುವುದು, ಅಡಿಕೆ ಗೊನೆ ನೋಡುವುದು ಅಕ್ಷಿಪಟಲದ ನಟ್ಟನಡುವಿನ ಒಂದು ಸಣ್ಣ ಜಾಗದಿಂದ. ಆ ಜಾಗಕ್ಕೆ ತೊಂದರೆ ತಟ್ಟುವವರೆಗೆ ಸುತ್ತಲಿನದು ಎಷ್ಟು ಹಾಳಾದರೂ ನಿಮಗೆ ಗೊತ್ತಾಗುವುದಿಲ್ಲ. ನೋವಿಲ್ಲ, ಕೆಂಪಾಗುವುದಿಲ್ಲ, ನೀರು ಬರುವುದಿಲ್ಲ. ನಾನು ಪರೀಕ್ಷಿಸಿದವರಲ್ಲಿ ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು ಕೊನೆಯ ಸಾಲಿನವರೆಗೆ ತಡವರಿಸದೆ ಓದಿದವರಿಗೇ ಮುಂದುವರಿದ ಹಂತದ ತೊಂದರೆ ಇದ್ದದ್ದುಂಟು.

ಇನ್ನೊಂದು ವಿಷಯ. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಬರುವ ಎರಡನೇ ಬಗೆಯ ಸಕ್ಕರೆ ಕಾಯಿಲೆ, ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುವ ಮೊದಲೇ ಕೆಲವು ವರ್ಷ ದೇಹದಲ್ಲಿ ಇದ್ದಿರಬಹುದು. ಅದಕ್ಕಾಗಿಯೇ ಕಾಯಿಲೆ ಗೊತ್ತಾದಾಗಲೇ ಮೊದಲ ಕಣ್ಣಿನ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ ಎಂಬ ನಿಯಮ ಇರುವುದು. ನೀವು ಒಂಬತ್ತು ವರ್ಷ ತಡವಾಗಿ ಹೋಗಿ, ಬಾಗಿಲವರೆಗೆ ತಲುಪಿ, ನೋಡಿಸಿಕೊಳ್ಳದೆ ಮರಳಿದ್ದೀರಿ. ನಿಮ್ಮ ಮಗಳ ಒತ್ತಾಯ ಸರಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ಕೇರಳದ ವಯಸ್ಕರಲ್ಲಿ ನೂರಕ್ಕೆ 25.5 ಜನರಿಗೆ ಸಕ್ಕರೆ ಕಾಯಿಲೆ ಇದೆ. ಇಡೀ ದೇಶದ ಸರಾಸರಿ 11.4. ನಮ್ಮ ಜಿಲ್ಲೆಯಲ್ಲಿ ಇದನ್ನು ‘ಯಾರಿಗೋ ಬರುವ ಕಾಯಿಲೆ’ ಎಂದುಕೊಳ್ಳುವ ಹಾಗೆಯೇ ಇಲ್ಲ.

ಮುಂದೆ ಏನು ಮಾಡಬೇಕು ಎಂದರೆ, ಮೊದಲು ನಿಮ್ಮ ಪಂಚಾಯತ್‌ನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ. ಸಕ್ಕರೆ ಕಾಯಿಲೆಯವರ ಅಕ್ಷಿಪಟಲದ ಚಿತ್ರ ತೆಗೆದು ಪರೀಕ್ಷಿಸುವ ‘ನಯನಾಮೃತಂ’ ಎಂಬ ಯೋಜನೆ ಕೇರಳ ಆರೋಗ್ಯ ಇಲಾಖೆಯದ್ದಿದೆ. ಹತ್ತಿರದ ಯಾವ ಕೇಂದ್ರದಲ್ಲಿ ಕ್ಯಾಮೆರಾ ಇದೆ, ಯಾವ ದಿನ ತೆಗೆಯುತ್ತಾರೆ ಎಂಬುದನ್ನು ಅಲ್ಲಿನ ನರ್ಸ್ ಅಥವಾ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ. ಚಿತ್ರದಲ್ಲಿ ಸಂಶಯ ಕಂಡರೆ ದೊಡ್ಡ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಆಗ ಮಂಗಳೂರಿಗೆ ಹೋಗುವುದಕ್ಕೂ ಒಂದು ಅರ್ಥ ಇರುತ್ತದೆ.

ಮಂಗಳೂರಿಗೇ ಹೋಗುವುದಾದರೆ ಹಿಂದಿನ ದಿನ ಫೋನ್ ಮಾಡಿ, ‘ರೆಟಿನಾ ವೈದ್ಯರು ನಾಳೆ ಎಷ್ಟು ಗಂಟೆಯವರೆಗೆ ಇರುತ್ತಾರೆ’ ಎಂದೇ ಕೇಳಿ. ‘ಡಾಕ್ಟರು ಇದ್ದಾರೆಯೇ’ ಎಂದು ಕೇಳಿದರೆ ಯಾವುದೋ ಡಾಕ್ಟರು ಇದ್ದೇ ಇರುತ್ತಾರೆ, ಇದ್ದಾರೆ ಎನ್ನುತ್ತಾರೆ. ಉತ್ತರ ಕೊಟ್ಟವರ ಹೆಸರು ಬರೆದಿಟ್ಟುಕೊಳ್ಳಿ. ಮದ್ದಿನ ಬಾಟಲಿ ಹಿಡಿದು ಬಂದಾಗ ಇನ್ನೊಮ್ಮೆ ಅದನ್ನೇ ಕೇಳಿ. ಇಲ್ಲ ಎಂದರೆ ಕಣ್ಣು ಮುಚ್ಚಿಕೊಂಡು, ‘ಹಾಗಾದರೆ ಇಂದು ಮದ್ದು ಬೇಡ’ ಎನ್ನಿ. ಹಾಗೆ ಹೇಳುವ ಹಕ್ಕು ನಿಮಗಿದೆ.

ಖಾಲಿ ಹೊಟ್ಟೆಯಲ್ಲಿ ಹೋದಿರಿ ಎಂದು ಓದಿ ನನಗೆ ನಿಜವಾಗಿ ಭಯವಾಯಿತು. ಉಪವಾಸ ಬೇಕಾಗುವುದು ಕೆಲವು ರಕ್ತಪರೀಕ್ಷೆಗಳಿಗೆ. ಪಾಪೆ ಅರಳಿಸಿ ಕಣ್ಣು ನೋಡಲು ಬೇಡ. ಸಕ್ಕರೆಯ ಮಾತ್ರೆಯನ್ನೋ ಇನ್ಸುಲಿನನ್ನೋ ತೆಗೆದುಕೊಂಡು ಏನನ್ನೂ ತಿನ್ನದೆ ಸಾಲಿನಲ್ಲಿ ಕುಳಿತವರು ಬೆವರಿ, ಕೈ ನಡುಗಿ, ಕುರ್ಚಿಯಿಂದ ಜಾರಿದ್ದನ್ನು ನೋಡಿದ್ದೇನೆ. ದೋಸೆಯೋ ಗಂಜಿಯೋ ಎಂದಿನಂತೆ ತಿಂದೇ ಹೊರಡಿ. ಕಿಸೆಯಲ್ಲಿ ನಾಲ್ಕು ಸಕ್ಕರೆ ಮಿಠಾಯಿ, ಚೀಲದಲ್ಲಿ ಬಿಸ್ಕತ್ತು, ನೀರು, ಒಂದು ಕಪ್ಪು ಕನ್ನಡಕ ಇರಲಿ. ಮಗಳೋ ಅಳಿಯನೋ ಜತೆಗಿರಲಿ.

ಆ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ ಒಂದು ಪತ್ರವನ್ನೂ ಬರೆಯಿರಿ. ಬೈಗುಳ ಬೇಡ. ದಿನ, ಟೋಕನ್ ಸಂಖ್ಯೆ, ಮದ್ದು ಹಾಕಿದ ಹೊತ್ತು, ವಾಪಸು ಕಳಿಸಿದ ಹೊತ್ತು, ಇಷ್ಟೇ ಸಾಕು. ರೋಗಿ ಸಿಟ್ಟಿನಿಂದ ಮರಳಿದರೆ ಆಸ್ಪತ್ರೆಯ ಪುಸ್ತಕದಲ್ಲಿ ‘ಬಂದಿಲ್ಲ’ ಎಂದಷ್ಟೇ ದಾಖಲಾಗುತ್ತದೆ; ಯಾಕೆ ಬಂದಿಲ್ಲ ಎಂಬುದು ಬರೆದು ತಿಳಿಸಿದರೆ ಮಾತ್ರ ಅವರಿಗೆ ಗೊತ್ತಾಗುವುದು.

ಪ್ರಶ್ನೆ: ನನ್ನ ಗಂಡನಿಗೆ ಎರಡೂ ಕಣ್ಣಿಗೆ ಲೇಸರ್ ಮಾಡಿಸಿದೆವು. ಸಾಲ ಮಾಡಿ ಹಣ ಹೊಂದಿಸಿದ್ದು. ದೃಷ್ಟಿ ಒಂದಿಷ್ಟೂ ಹೆಚ್ಚಾಗಲಿಲ್ಲ. ಮುಸ್ಸಂಜೆಗೆ ಅಂಗಳದಲ್ಲಿ ನಡೆಯುವಾಗ ಮೊದಲಿಗಿಂತಲೂ ಕಡಿಮೆ ಕಾಣುತ್ತದೆ ಎನ್ನುತ್ತಾರೆ. ಆಸ್ಪತ್ರೆಗೆ ಫೋನ್ ಮಾಡಿದರೆ ‘ಸರಿಯಾಗುತ್ತದೆ’ ಎಂದು ಇಡುತ್ತಾರೆ. ನಮಗೆ ಮೋಸವಾಯಿತೆಂದು ಇವರು ಮರುಪರೀಕ್ಷೆಗೇ ಹೋಗುತ್ತಿಲ್ಲ.
– ಓದುಗರೊಬ್ಬರು, ಪೆರ್ಲ

ಉತ್ತರ: ತಂಗೀ, ಮೋಸವಾಗಿದೆ ಎಂದು ನನಗೆ ಅನಿಸುವುದಿಲ್ಲ. ಹೇಳಬೇಕಾದವರು ಹೇಳಬೇಕಾದ ಮಾತನ್ನು ಮೊದಲೇ ಹೇಳಲಿಲ್ಲ, ಅದು ತಪ್ಪು. ಸಕ್ಕರೆ ಕಾಯಿಲೆಯವರ ಕಣ್ಣಿಗೆ ಇಂಥ ಲೇಸರ್ ಮಾಡುವುದು ಹೋದ ದೃಷ್ಟಿಯನ್ನು ತರುವುದಕ್ಕಲ್ಲ, ಉಳಿದಿರುವ ದೃಷ್ಟಿಯನ್ನು ಕಾಪಾಡುವುದಕ್ಕೆ. ರಕ್ತ ಸಿಗದೆ ಒದ್ದಾಡುವ ಅಂಚಿನ ಭಾಗವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಸುಟ್ಟರೆ ದುರ್ಬಲವಾದ ಹೊಸ ನಾಳಗಳು ಬೆಳೆಯುವುದು ನಿಲ್ಲುತ್ತದೆ. 1970ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದು, ಇದರಿಂದ ತೀವ್ರ ದೃಷ್ಟಿನಾಶದ ಅಪಾಯ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ ಎಂದು ತೋರಿಸಿತು. ಆದರೆ ಕತ್ತಲಲ್ಲಿ ನೋಡಲು ನಮಗೆ ನೆರವಾಗುವುದು ಆ ಅಂಚಿನ ಭಾಗವೇ. ಆದ್ದರಿಂದ ಮುಸ್ಸಂಜೆಯ ನೋಟ ಒಂದಷ್ಟು ಕುಗ್ಗುವುದು ಲೇಸರಿನ ಗೊತ್ತಿರುವ ಅಡ್ಡಪರಿಣಾಮ. ಇದನ್ನು ನಿಮ್ಮ ಭಾಷೆಯಲ್ಲಿ ವಿವರಿಸಿ, ಆಮೇಲೆ ಸಹಿ ಹಾಕಿಸಬೇಕಾಗಿತ್ತು.

ಮರುಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಲೇಸರ್ ಸಾಕಾಗಿದೆಯೇ, ನಟ್ಟನಡುವೆ ನೀರು ತುಂಬಿ ಊದಿಕೊಂಡಿದೆಯೇ, ಚುಚ್ಚುಮದ್ದು ಬೇಕೇ ಎಂಬುದು ತಿಳಿಯುವುದು ಆಗಲೇ. ಆ ಆಸ್ಪತ್ರೆಗೆ ಹೋಗಲು ಮನಸ್ಸಿಲ್ಲದಿದ್ದರೆ ಬೇರೆ ಕಡೆಗೆ ಹೋಗಿ. ಆದರೆ ಹಳೆಯ ದಾಖಲೆಗಳು, ಕಣ್ಣಿನ ಚಿತ್ರಗಳು, ಅಕ್ಷಿಪಟಲದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನಿನ ಪ್ರತಿ, ಲೇಸರಿನ ವಿವರ ಎಲ್ಲವನ್ನೂ ಕೇಳಿ ಪಡೆದುಕೊಂಡೇ ಹೋಗಿ. ರೋಗಿ ಕೇಳಿದರೆ ವೈದ್ಯಕೀಯ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳು ಹೇಳುತ್ತವೆ. ‘ಕಂಪ್ಯೂಟರಿನಲ್ಲಿದೆ, ನಿಮಗೇಕೆ’ ಎಂದರೆ ಬರಹದಲ್ಲಿ ಕೇಳಿ. ಗಡಿಯಲ್ಲಿ ಬದುಕುವ ನಮಗೆ ಈ ಕಾಗದಗಳು ಮನೆಯಲ್ಲಿರುವುದು ಇನ್ನೂ ಮುಖ್ಯ. 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ಜಿಲ್ಲೆಯವರು ಪಟ್ಟ ಪಾಡನ್ನು ನಾವ್ಯಾರೂ ಮರೆತಿಲ್ಲ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ಸಕ್ಕರೆಯಿಂದ ಕಣ್ಣಿನ ನಡುಭಾಗ ಊದಿದೆ ಎಂದು ಕಣ್ಣಿನೊಳಗೆ ಚುಚ್ಚುಮದ್ದು ಕೊಟ್ಟರು. ವಿಮಾ ಕಂಪನಿ, ‘24 ಗಂಟೆ ದಾಖಲಾಗಿಲ್ಲ, ಹಣ ಕೊಡಲಾಗದು’ ಎಂದು ಮೊಬೈಲಿಗೆ ಒಂದು ಸಾಲಿನ ಸಂದೇಶ ಕಳಿಸಿತು. ಸಹಾಯವಾಣಿಗೆ ಕರೆದರೆ ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ ಎನ್ನುತ್ತದೆ. ಒತ್ತಿದ ಮೇಲೆ ಸಂಗೀತ. ಸಂಗೀತ ಮುಗಿದ ಮೇಲೆ ಕರೆ ಕಡಿಯುತ್ತದೆ. ಒಮ್ಮೆ ಸಿಕ್ಕಿದವರು ಇನ್ನೊಂದು ವಿಭಾಗ ಎಂದರು, ಅಲ್ಲಿಯವರು ಮೊದಲಿನ ವಿಭಾಗವೇ ಎಂದರು. ಹಣ ಬಂದ ಮೇಲೆ ಮುಂದಿನ ಚುಚ್ಚುಮದ್ದು ಎಂದುಕೊಂಡು ದಿನ ಮೀರಿಹೋಗಿದೆ.
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಮಾಷ್ಟ್ರೇ, ಪತ್ರದ ಕೊನೆಯ ವಾಕ್ಯಕ್ಕೆ ಮೊದಲು ಉತ್ತರಿಸುತ್ತೇನೆ. ಚುಚ್ಚುಮದ್ದಿನ ದಿನವನ್ನು ವಿಮೆಯ ಹಣಕ್ಕೆ ಕಟ್ಟಿಹಾಕಬೇಡಿ. ಈ ಮದ್ದನ್ನು ಆರಂಭದಲ್ಲಿ ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಒಂದರ ಹಿಂದೆ ಒಂದರಂತೆ ಕೊಡುತ್ತಾರೆ. ನಡುವೆ ಬಿಟ್ಟರೆ ಇಳಿದ ಊತ ಮತ್ತೆ ಏರಬಹುದು, ಬಹಳ ದಿನ ಊದಿಕೊಂಡೇ ಇದ್ದ ಜಾಗ ಆಮೇಲೆ ಇಳಿದರೂ ಮೊದಲಿನಂತೆ ಕಾಣದಿರಬಹುದು. ಈ ವಾರವೇ ವೈದ್ಯರನ್ನು ಕಾಣಿ. ಹಣದ ಅಡಚಣೆಯಿದ್ದರೆ ಮುಚ್ಚುಮರೆಯಿಲ್ಲದೆ ಹೇಳಿ. ಈ ಕೆಲಸಕ್ಕೆ ಬಳಸುವ ಔಷಧಗಳಲ್ಲಿ ಬೆವಾಸಿಝುಮಾಬ್ ಉಳಿದವುಗಳಿಗಿಂತ ಬಹಳ ಅಗ್ಗ. ನಿಮ್ಮ ಕಣ್ಣಿನ ಸ್ಥಿತಿಗೆ ಅದು ಸಾಕೇ ಎಂಬುದು ವೈದ್ಯರು ಹೇಳಬೇಕಾದ ಮಾತು, ಆದರೆ ಕೇಳುವುದರಲ್ಲಿ ಸಂಕೋಚ ಬೇಡ.

ಈಗ ವಿಮೆ. ಕಣ್ಣಿನೊಳಗಿನ ಚುಚ್ಚುಮದ್ದು ಅರ್ಧ ದಿನದಲ್ಲಿ ಮುಗಿಯುವ ಚಿಕಿತ್ಸೆ. ಅದಕ್ಕಾಗಿ ಯಾರೂ ಆಸ್ಪತ್ರೆಯಲ್ಲಿ ರಾತ್ರಿ ಮಲಗುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಆರೋಗ್ಯ ವಿಮೆಯಿಂದ ಹೊರಗಿಡಬಾರದಾದ ಆಧುನಿಕ ಚಿಕಿತ್ಸೆಗಳ ಒಂದು ಪಟ್ಟಿ ಇದೆ. ಕಣ್ಣಿನೊಳಗಿನ ಚುಚ್ಚುಮದ್ದು ಆ ಪಟ್ಟಿಯಲ್ಲಿದೆ. ಆದರೆ ಇಂತಿಷ್ಟು ರೂಪಾಯಿ ಮಾತ್ರ ಎಂಬ ಮಿತಿ ಹಾಕಲು ಕಂಪನಿಗೆ ಅವಕಾಶವಿದೆ. ಮೊದಲೇ ಇದ್ದ ಕಾಯಿಲೆಗೆ ವಿಮೆಯ ಹಣ ಸಿಗಲು ಕಾಯುವ ಅವಧಿಯೂ ಇರಬಹುದು. 2024ರ ನಿಯಮದಂತೆ ಅದು ಗರಿಷ್ಠ 36 ತಿಂಗಳು. ಹಾಗಾಗಿ ನಿಮ್ಮ ಪಾಲಿಸಿ ಪುಸ್ತಕವನ್ನು ತೆಗೆದು ಈ ಮೂರನ್ನು ಹುಡುಕಿ: ರಾತ್ರಿ ತಂಗಬೇಕಿಲ್ಲದ ದಿನದ ಚಿಕಿತ್ಸೆಗಳ (ಡೇ ಕೇರ್) ಪಟ್ಟಿ, ಚುಚ್ಚುಮದ್ದಿನ ಮಿತಿ, ಕಾಯುವ ಅವಧಿ. ಜೀವನವಿಡೀ ಮಕ್ಕಳ ಉತ್ತರಪತ್ರಿಕೆ ತಿದ್ದಿದ ನಿಮಗೆ ಈ ಪುಸ್ತಕ ಕಷ್ಟವಾಗದು.

ಫೋನ್ ಮಾಡುವುದನ್ನು ಇನ್ನು ನಿಲ್ಲಿಸಿ. ಫೋನಿನಲ್ಲಿ ಆಡಿದ ಮಾತಿಗೆ ನಿಮ್ಮ ಬಳಿ ಯಾವ ಆಧಾರವೂ ಉಳಿಯುವುದಿಲ್ಲ. ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಇಮೇಲ್ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಬರೆಯಿರಿ. ಅವರ ವಿಳಾಸ ಪಾಲಿಸಿಯಲ್ಲೇ ಇರುತ್ತದೆ. ‘ಪಾಲಿಸಿಯ ಯಾವ ಷರತ್ತಿನ ಪ್ರಕಾರ ನಿರಾಕರಿಸಿದ್ದೀರಿ, ಅದರ ಸಂಖ್ಯೆ ತಿಳಿಸಿ’ ಎಂದು ಕೇಳಿ. ನಿರಾಕರಿಸುವಾಗ ನಿರ್ದಿಷ್ಟ ಷರತ್ತನ್ನು ತಿಳಿಸಬೇಕೆಂದು ಅದೇ ಪ್ರಾಧಿಕಾರದ 2024ರ ಸುತ್ತೋಲೆ ಹೇಳುತ್ತದೆ. ಕಂಪನಿಯ ಪರಿಶೀಲನಾ ಸಮಿತಿ ಒಪ್ಪದೆ ಕ್ಲೇಮನ್ನು ತಳ್ಳಿಹಾಕುವಂತೆಯೂ ಇಲ್ಲ. ಒಂದು ಸಾಲಿನ ಸಂದೇಶ ಇದಕ್ಕೆ ಸಾಟಿಯಲ್ಲ. ಚುಚ್ಚುಮದ್ದನ್ನು ಶಸ್ತ್ರಕ್ರಿಯಾ ಕೊಠಡಿಯಲ್ಲಿ ಕೊಟ್ಟದ್ದು, ರಾತ್ರಿ ತಂಗುವ ಅಗತ್ಯ ಈ ಚಿಕಿತ್ಸೆಗೆ ಇಲ್ಲ ಎಂಬುದು, ಇವೆರಡನ್ನೂ ವೈದ್ಯರಿಂದ ಬರೆಸಿ ಜತೆಗಿಡಿ.

ಐಆರ್‌ಡಿಎಐಯ ‘ಬಿಮಾ ಭರೋಸಾ’ ಜಾಲತಾಣದಲ್ಲೂ ದೂರು ದಾಖಲಿಸಬಹುದು. ಅದರ ಉಚಿತ ದೂರವಾಣಿ 155255. ಕಂಪನಿ ಒಂದು ತಿಂಗಳೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ, ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿಯಾದ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ನಮ್ಮ ರಾಜ್ಯಕ್ಕೆ ಅವರ ಕಚೇರಿ ಕೊಚ್ಚಿಯಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಡ. ಇಲ್ಲಿ ಒಂದು ಎಚ್ಚರ: ಕೆಲವರು ಚುಚ್ಚುಮದ್ದು ಕೊಡಿಸಿದ್ದು ಮಂಗಳೂರಿನಲ್ಲಿ ಎಂದು ಬೆಂಗಳೂರಿನ ಕಚೇರಿಗೆ ಕಳಿಸುತ್ತಾರೆ. ಚಿಕಿತ್ಸೆ ಎಲ್ಲಿ ಆಯಿತು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ನೀವು ಮಂಜೇಶ್ವರದವರು, ಕೊಚ್ಚಿಗೇ ಬರೆಯಿರಿ.

ಪ್ರಶ್ನೆ: ನಾನು ಹೊಲಿಗೆ ಕೆಲಸ ಮಾಡುವವಳು. ಸೂಜಿಗೆ ನೂಲು ಏರಿಸಲಾಗದೆ ಮಂಗಳೂರಿನ ಅಂಗಡಿಯಿಂದ ಕನ್ನಡಕ ಮಾಡಿಸಿದೆ. ಅದೇ ಸಮಯದಲ್ಲಿ ಸಕ್ಕರೆ 300ಕ್ಕಿಂತ ಮೇಲಿದೆ ಎಂದು ಗೊತ್ತಾಗಿ ಮಾತ್ರೆ ಶುರುವಾಯಿತು. ಈಗ ಹೊಸ ಕನ್ನಡಕದಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಅಂಗಡಿಯವರು ಚೀಟಿಯಲ್ಲಿದ್ದಂತೆ ಮಾಡಿದ್ದೇವೆ, ಇನ್ನು ನಮಗೆ ಸಂಬಂಧವಿಲ್ಲ ಎಂದು ಎಲ್ಲರೆದುರು ಜೋರು ಮಾಡಿದರು.
– ಓದುಗರೊಬ್ಬರು, ಉಪ್ಪಳ

ಉತ್ತರ: ಎಲ್ಲರೆದುರು ಜೋರು ಮಾಡಿದ್ದು ಖಂಡಿತ ತಪ್ಪು, ತಂಗೀ. ಆದರೆ ಲೆನ್ಸ್ ತಪ್ಪಾಗಿರಲಾರದು. ಸಕ್ಕರೆ ವಿಪರೀತ ಏರಿದಾಗ ಕಣ್ಣೊಳಗಿನ ಸಹಜ ಲೆನ್ಸ್ ನೀರು ಹೀರಿ ಅದರ ಶಕ್ತಿ ಬದಲಾಗುತ್ತದೆ. ಸಕ್ಕರೆ ಇಳಿಯುವಾಗ ಮತ್ತೆ ಬದಲಾಗುತ್ತದೆ. ಏರಿದ್ದಾಗ ಅಳೆದ ನಂಬರು ಇಳಿದ ಮೇಲೆ ಹೊಂದುವುದಿಲ್ಲ. ಸಕ್ಕರೆ ಕೆಲವು ವಾರ ಒಂದೇ ಮಟ್ಟದಲ್ಲಿ ನಿಲ್ಲಲಿ, ಆಮೇಲೆ ಅಳೆಸಿ. ಅಲ್ಲಿಯವರೆಗೆ ಕೆಲಸ ಸಾಗಿಸಲು ಕಡಿಮೆ ಬೆಲೆಯ ಓದುವ ಕನ್ನಡಕ ಸಾಕು. ಕನ್ನಡಕದ ಅಂಗಡಿಗಳಲ್ಲಿ ನಂಬರು ಅಳೆಯುವ ಮೊದಲು ‘ಸಕ್ಕರೆ ಇದೆಯೇ, ಈಗ ಎಷ್ಟಿದೆ’ ಎಂಬ ಒಂದು ಪ್ರಶ್ನೆ ಕೇಳುವ ಅಭ್ಯಾಸವಿದ್ದರೆ ಎಷ್ಟು ಬಡವರ ಹಣ ಉಳಿಯುತ್ತಿತ್ತು!

ಸಂಶಯವಿದ್ದರೆ ಬೇರೊಬ್ಬ ಆಪ್ಟೋಮೆಟ್ರಿಸ್ಟರಲ್ಲಿ ಕನ್ನಡಕದ ನಂಬರನ್ನು ಯಂತ್ರದಲ್ಲಿ ಅಳೆಸಿ ಚೀಟಿಯೊಂದಿಗೆ ಹೋಲಿಸಿ. ಹೊಂದದಿದ್ದರೆ ತಪ್ಪು ಅಂಗಡಿಯದ್ದು. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಅಂಗಡಿ ಕರ್ನಾಟಕದಲ್ಲಿದೆ, ನಾವು ಕೇರಳದವರು ಎಂದು ಹಿಂಜರಿಯಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಬಿಲ್ಲು ಇಲ್ಲದಿದ್ದರೆ ಇದೆಲ್ಲ ಕಷ್ಟ.

ಅಂದ ಹಾಗೆ, ನಂಬರು ಅಳೆಸಿದ್ದೇ ಕಣ್ಣಿನ ಪರೀಕ್ಷೆ ಎಂದುಕೊಳ್ಳಬೇಡಿ. ಅಕ್ಷಿಪಟಲವನ್ನು ಇನ್ನೂ ಯಾರೂ ನೋಡಿಲ್ಲ. ಅದನ್ನು ಮಾಡಿಸಿ.

ಪ್ರಶ್ನೆ: ನಾನು ಗಲ್ಫ್‌ನಲ್ಲಿದ್ದೇನೆ. ಊರಲ್ಲಿ ತಾಯಿಗೆ 71 ವರ್ಷ, ಸಕ್ಕರೆ ಇದೆ. ಅವರಿಗೆ ತುಳು, ಕನ್ನಡ ಬಿಟ್ಟರೆ ಬೇರೆ ತಿಳಿಯದು. ಸರಕಾರಿ ಆಸ್ಪತ್ರೆಯ ಕಣ್ಣಿನ ಪರೀಕ್ಷೆಯ ದಿನ ಬದಲಾದ ಸಂದೇಶ ಮಲಯಾಳದಲ್ಲಿ ಬಂದಿತ್ತು, ಯಾರೂ ಓದಲಿಲ್ಲ. ಹಳೆಯ ದಿನಕ್ಕೆ ರಿಕ್ಷಾ ಮಾಡಿಕೊಂಡು ಹೋಗಿ ಮರಳಿದರು. ‘ಮೆಸೇಜು ಕಳಿಸಿದ್ದೆವಲ್ಲ’ ಎಂದರಂತೆ. ಏನು ಮಾಡಬಹುದು?
– ಓದುಗರೊಬ್ಬರು, ಕುಂಬಳೆ

ಉತ್ತರ: ತಮ್ಮಾ, ಇದು ನಿಮ್ಮ ತಾಯಿಯೊಬ್ಬರ ಕಷ್ಟವಲ್ಲ. ಈ ಜಿಲ್ಲೆಯ ಉತ್ತರ ಭಾಗದಲ್ಲಿ ಸಾವಿರಾರು ಮನೆಗಳ ಹಿರಿಯರು ಕನ್ನಡ ಶಾಲೆಯಲ್ಲಿ ಕಲಿತವರು, ಕನ್ನಡದಲ್ಲೇ ಓದುವವರು. ಕಿವಿಗೆ ಬಿದ್ದ ಮಲಯಾಳವನ್ನು ಅರ್ಥ ಮಾಡಿಕೊಳ್ಳುವವರಿಗೂ ಲಿಪಿ ಓದಲು ಬಾರದು. ಔಷಧದ ಚೀಟಿ, ಪರೀಕ್ಷೆಯ ದಿನ, ಒಪ್ಪಿಗೆಯ ಸಹಿ, ಈ ಮೂರಾದರೂ ಕನ್ನಡದಲ್ಲಿ ಸಿಗಬೇಕೆಂಬುದು ನಾನು ನೌಕರಿಯಲ್ಲಿದ್ದಾಗಲೂ ಹೇಳುತ್ತಿದ್ದ ಮಾತು, ಈಗಲೂ ಅದನ್ನೇ ಹೇಳುತ್ತೇನೆ. ಕಣ್ಣು ಮಂಜಾದ ಎಪ್ಪತ್ತರ ವೃದ್ಧೆಗೆ ಓದಲು ಬಾರದ ಲಿಪಿಯಲ್ಲಿ ಸಂದೇಶ ಕಳಿಸಿದರೆ ತಿಳಿಸಿದಂತಾಗುವುದಿಲ್ಲ.

ಆಸ್ಪತ್ರೆಯ ಅಧೀಕ್ಷಕರಿಗೆ, ಪ್ರತಿಯನ್ನು ಜಿಲ್ಲಾಧಿಕಾರಿಗೆ, ಕನ್ನಡದಲ್ಲೇ ಬರೆಯಿರಿ. ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ. ‘ಮಲಯಾಳದಲ್ಲಿ ಬರೆದು ತನ್ನಿ’ ಎಂದು ಹಿಂತಿರುಗಿಸಿದರೆ ಆ ವಿಧಿಯನ್ನು ಉಲ್ಲೇಖಿಸಿ ಮತ್ತೆ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಪತ್ರಕ್ಕೆ ಫಲ ಬರುವವರೆಗೆ ಕಣ್ಣು ಕಾಯುವುದಿಲ್ಲವಾದ್ದರಿಂದ ಇಷ್ಟು ಮಾಡಿ. ಆಸ್ಪತ್ರೆಯಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆ ಯಾರದು ಎಂದು ನೋಡಿ. ನಿಮ್ಮ ಹಳೆಯ ಊರಿನ ನಂಬರು ಕೊಟ್ಟಿದ್ದರೆ ಬದಲಾಯಿಸಿ, ಮನೆಯಲ್ಲಿ ತಾಯಿಯ ಜತೆಗಿರುವವರದ್ದು ಅಥವಾ ಮಲಯಾಳ ಓದಬಲ್ಲ ನೆರೆಯವರದ್ದು ಕೊಡಿ. ಮುಂದಿನ ದಿನಾಂಕವನ್ನು ಓಪಿ ಚೀಟಿಯ ಮೇಲೆ ದೊಡ್ಡ ಅಂಕಿಯಲ್ಲಿ ಬರೆಸಿಕೊಳ್ಳಲು ಹೇಳಿ. ಹೊರಡುವ ಹಿಂದಿನ ದಿನ ಆಶಾ ಕಾರ್ಯಕರ್ತೆಗೆ ಒಂದು ಮಾತು ಕೇಳಿದರೆ ರಿಕ್ಷಾದ ಬಾಡಿಗೆ ಉಳಿಯುತ್ತದೆ. ಕೇರಳ ಆರೋಗ್ಯ ಇಲಾಖೆಯ ‘ದಿಶಾ’ ಸಹಾಯವಾಣಿ 1056 ಕೂಡ ಇದೆ. ನೀವು ಅಲ್ಲಿಂದ ವಾರಕ್ಕೊಮ್ಮೆ ಫೋನ್ ಮಾಡುವಾಗ ಊಟವಾಯಿತೇ ಎಂದು ಕೇಳುವ ಜತೆಗೆ ಕಣ್ಣಿನ ದಿನ ಯಾವಾಗ ಎಂದೂ ಕೇಳಿ.

ಕೆಲವು ಸಣ್ಣ ಪ್ರಶ್ನೆಗಳಿಗೆ ಒಟ್ಟಾಗಿ: ಬದಿಯಡ್ಕದವರೇ, ಕೈಯ ನರಕ್ಕೆ ಬಣ್ಣದ ಮದ್ದು ಕೊಟ್ಟು ಕಣ್ಣಿನ ಚಿತ್ರ ತೆಗೆದ ಮೇಲೆ ಮೂತ್ರ ಗಾಢ ಹಳದಿಯಾಗುವುದು ಸಹಜ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಮೈ ತುರಿಸಿದರೆ, ಉಸಿರು ಕಟ್ಟಿದರೆ ಮಾತ್ರ ತಕ್ಷಣ ಆಸ್ಪತ್ರೆಗೆ. ಪುತ್ತಿಗೆಯ ತಾಯಿಗೆ: ಚಿಕ್ಕ ವಯಸ್ಸಿನಲ್ಲಿ ಬರುವ, ಇನ್ಸುಲಿನ್ ಬೇಕೇಬೇಕಾದ ಮೊದಲ ಬಗೆಯ ಸಕ್ಕರೆಯಲ್ಲಿ ಮೊದಲ ಕಣ್ಣಿನ ಪರೀಕ್ಷೆ ಕಾಯಿಲೆ ಆರಂಭವಾಗಿ ಐದು ವರ್ಷದೊಳಗೆ ಆಗಬೇಕು, ಮಗನಿಗೆ ಯಾವಾಗ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮೊದಲೇ ಸಕ್ಕರೆಯಿದ್ದು ಈಗ ಗರ್ಭಿಣಿಯಾದ ವರ್ಕಾಡಿಯ ತಂಗಿ ಹೆರಿಗೆಯವರೆಗೆ ಕಾಯಬಾರದು, ಮೊದಲ ಮೂರು ತಿಂಗಳಲ್ಲೇ ಕಣ್ಣು ತೋರಿಸಬೇಕು. ಗರ್ಭದಲ್ಲಿ ಈ ತೊಂದರೆ ಬೇಗ ಏರುವುದುಂಟು. ಪಾಪೆ ಅರಳಿಸಿದ ಮೇಲೆ ಬೈಕ್ ಓಡಿಸಬಹುದೇ ಎಂದು ಕೇಳಿದ ಸೀತಾಂಗೋಳಿಯ ಯುವಕರಿಗೆ: ಬೇಡ.

ಪ್ರಶ್ನೆ: ಎರಡು ದಿನದಿಂದ ನನ್ನ ಬಲಗಣ್ಣಿನ ಮುಂದೆ ಕಪ್ಪು ನೂಲುಗಳು ತೇಲುತ್ತಿವೆ, ಹೊಗೆ ಕವಿದಂತಿದೆ. ಹನ್ನೆರಡು ವರ್ಷದಿಂದ ಸಕ್ಕರೆ ಇದೆ. ಆಸ್ಪತ್ರೆಗೆ ಫೋನ್ ಮಾಡಿದರೆ ಮೂರು ವಾರದ ಆಚೆಗೆ ದಿನ ಕೊಟ್ಟರು. ಅಲ್ಲಿಯವರೆಗೆ ಯಾವ ಹನಿಮದ್ದು ಹಾಕಲಿ?
– ಓದುಗರೊಬ್ಬರು, ಮಧೂರು

ಉತ್ತರ: ಪತ್ರ ನನ್ನ ಕೈಸೇರಿದ ಕೂಡಲೇ ಇವರಿಗೆ ಫೋನ್ ಮಾಡಿ ಹೇಳಿಯಾಗಿದೆ. ಇಂಥದ್ದೇ ತೊಂದರೆ ಬಂದು ಇದನ್ನು ಓದುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಇದಕ್ಕೆ ಹನಿಮದ್ದಿಲ್ಲ. ದುರ್ಬಲ ನಾಳ ಒಡೆದು ಕಣ್ಣೊಳಗೆ ರಕ್ತ ಬಂದಿರಬಹುದು, ಅಕ್ಷಿಪಟಲ ಕಿತ್ತುಬರುತ್ತಿರಲೂಬಹುದು. ಮೂರು ವಾರ ಅಲ್ಲ, ಮೂರು ದಿನವೂ ಕಾಯುವಂತಿಲ್ಲ, ಅಂದೇ ಹೋಗಬೇಕು.

ಫೋನಿನಲ್ಲಿ ‘ಕಣ್ಣು ತೋರಿಸಬೇಕಿತ್ತು’ ಎಂದರೆ ಅವರು ಸಾಮಾನ್ಯ ಪಟ್ಟಿಯಲ್ಲಿ ದಿನ ಕೊಡುತ್ತಾರೆ, ಏಕೆಂದರೆ ಆ ಕಡೆಯವರ ಮುಂದೆ ಖಾಲಿ ದಿನಗಳ ಪಟ್ಟಿಯೊಂದೇ ಇರುತ್ತದೆ. ಹೀಗೆ ಹೇಳಿ: ‘ನನಗೆ ಸಕ್ಕರೆ ಕಾಯಿಲೆ ಇದೆ. ಒಂದು ಕಣ್ಣಿಗೆ ಇದ್ದಕ್ಕಿದ್ದಂತೆ ಕಪ್ಪು ನೂಲು ಕಾಣುತ್ತಿದೆ, ದೃಷ್ಟಿ ಮಂಜಾಗಿದೆ. ಇದು ತುರ್ತು. ಇಂದೇ ನೋಡಬೇಕು.’ ಆಗಲೂ ದಿನ ಸಿಗದಿದ್ದರೆ ಫೋನ್ ಇಟ್ಟು, ಕಣ್ಣಿನ ವೈದ್ಯರಿರುವ ಯಾವುದಾದರೂ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೇರವಾಗಿ ಹೋಗಿ ಅಲ್ಲಿ ಇದೇ ಮಾತನ್ನು ಹೇಳಿ. ಹೋಗುವವರೆಗೆ ಭಾರ ಎತ್ತಬೇಡಿ, ಬಗ್ಗಿ ಕೆಲಸ ಮಾಡಬೇಡಿ, ಮಲಗುವುದಿದ್ದರೆ ತಲೆದಿಂಬು ಎತ್ತರವಿರಲಿ. ಹಳೆಯ ಚೀಟಿಗಳನ್ನೂ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೂ ಕೊಂಡೊಯ್ಯಿರಿ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಅದನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ರಾತ್ರಿ ಕಳೆದು ಬೆಳಗ್ಗೆ ನೋಟ ತಿಳಿಯಾದಂತೆ ಕಂಡರೂ ಹೋಗುವುದನ್ನು ಕೈಬಿಡಬೇಡಿ. ರಕ್ತ ಕೆಳಗೆ ಇಳಿದಿರುತ್ತದೆ ಅಷ್ಟೇ. ಒಡೆದ ನಾಳ ಅಲ್ಲೇ ಇರುತ್ತದೆ, ಅದಕ್ಕೆ ಚಿಕಿತ್ಸೆ ಆಗಲೇಬೇಕು.